ಮಾದಮ್ಮ ಕಲಿಸಿದ ಕುಣಿತ

ಶಾಲೆಯಿಂದ ಮೂರನೆಯ ಕಾಗದ ಬಂದದ್ದು ಎರಡು ಸಾವಿರದ ಆರರ ಫೆಬ್ರವರಿಯಲ್ಲಿ. ಕೇತಮ್ಮ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಬಾಗಿಲು ತೆರೆದಾಗ ಅದು ಕಾಲೊರಸಿನ ಮೇಲೆ ಬಿದ್ದಿತ್ತು. ಕೋಟು ಬಿಚ್ಚದೆಯೇ ಓದಿದಳು. ಅನ್ವಿತಾ ಈ ಟರ್ಮಿನಲ್ಲಿ ಅರ್ಧದಷ್ಟು ದಿನ ಶಾಲೆಗೆ ಬಂದಿಲ್ಲ, ಹೀಗೇ ಮುಂದುವರಿದರೆ ಕೌನ್ಸಿಲ್‌ನವರು ವಿಚಾರಿಸಬೇಕಾಗುತ್ತದೆ ಎಂದಿತ್ತು. ಮೊದಲಿನ ಎರಡು ಕಾಗದಗಳನ್ನು ಮಗಳೇ ಎತ್ತಿ ಬಚ್ಚಿಟ್ಟಿದ್ದಳೆಂದು ಕೇತಮ್ಮನಿಗೆ ಆಗ ಹೊಳೆಯಿತು.

ಮಗಳು ಮಹಡಿಯ ಕೋಣೆಯಲ್ಲಿ ಯೂನಿಫಾರಮ್ಮಿನಲ್ಲೇ ಮಲಗಿದ್ದಳು.

“ಬೆಳಿಗ್ಗೆ ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತಿದ್ದೆ?”

“ಸ್ಟೇಷನ್.”

“ಸ್ಟೇಷನ್ನಿಗಾ? ಅಲ್ಲೇನು ಕೆಲಸ?”

“ನಥಿಂಗ್. ಜಸ್ಟ್ ಸ್ಯಾಟ್ ದೇರ್.”

ಅಪ್ಪ ಆಫೀಸಿಗೆ ಹೋಗುವ ತನಕ ಬರ್ಚ್‌ವುಡ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದು, ಆಮೇಲೆ ವಾಪಸ್ಸು ಬಂದು ಮಲಗುತ್ತಿದ್ದಳು ಹುಡುಗಿ. ಹದಿನಾಲ್ಕು ವರ್ಷ. ಕನ್ನಡ ಅರ್ಥವಾಗುತ್ತಿತ್ತು, ಆದರೆ ಈ ದೇಶಕ್ಕೆ ಬಂದ ಮೇಲೆ ಬಾಯಿಂದ ಬರುತ್ತಿದ್ದುದೆಲ್ಲ ಇಂಗ್ಲಿಷೇ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಮಧ್ಯಾಹ್ನದ ಊಟವನ್ನು ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದುದಾಗಿ ಹೇಳಿದಳು. ಬಿಳಿ ಹುಡುಗಿಯರು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ಇಂಡಿಯಾದ ಹುಡುಗಿಯರು ಇಬ್ಬರಿದ್ದರು. ಅವರು ನೀವು ಯಾವ ಜನ ಎಂದು ಕೇಳಿದ್ದರು. ಅಪ್ಪ ಹೇಳಿಕೊಟ್ಟಂತೆ ಕೂರ್ಗ್ ಎಂದಿದ್ದಳು. ಅವರಲ್ಲಿ ಒಬ್ಬಳು ಕೂರ್ಗಿಗೆ ಹೋಗಿದ್ದವಳು, ಅದೇನು ಇದೇನು ಎಂದು ಕೇಳಿ, ಇವಳು ತಡವರಿಸಿದ್ದು ನೋಡಿ, ಸುಳ್ಳಿ ಎಂದು ಹೆಸರಿಟ್ಟಿದ್ದಳು.

ಆ ಸುಳ್ಳನ್ನು ಮನೆಯಲ್ಲಿ ಯಾರೂ ಹುಟ್ಟುಹಾಕಿದ್ದಲ್ಲ. ಬಂದ ಹೊಸದರಲ್ಲಿ ಮ್ಯಾಂಚೆಸ್ಟರಿನ ಕನ್ನಡಿಗರ ಯುಗಾದಿ ಊಟದಲ್ಲಿ ಡಿಡ್ಸ್‌ಬರಿಯ ಸೀತಾಲಕ್ಷ್ಮಿ ಎಂಬವರು, “ತಿಮ್ಮಯ್ಯ ಅಂದ್ರೆ ಕೊಡಗಿನವರಾ?” ಎಂದು ಕೇಳಿದರು. ಕೇತಮ್ಮನ ಗಂಡ ತಿಮ್ಮಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಸುಮ್ಮನೆ ನಕ್ಕ. ಅಷ್ಟೇ ಸಾಕಾಯಿತು. “ಇವರು?” ಎಂದು ಹೆಂಡತಿಯ ಕಡೆ ತಿರುಗಿದಾಗ, “ಕೇತಕಿ” ಎಂದ. ಕೇತಮ್ಮ ತಟ್ಟೆಯಲ್ಲಿದ್ದ ಹೋಳಿಗೆಯನ್ನೇ ನೋಡುತ್ತ ಕೂತಳು. ಅವರಿಬ್ಬರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಪಕ್ಕಪಕ್ಕದ ಪೋಡುಗಳಲ್ಲಿ, ಅಂದರೆ ಕಾಡಿನೊಳಗಿನ ಹಾಡಿಗಳಲ್ಲಿ ಹುಟ್ಟಿ, ಬೆಟ್ಟದ ಮಕ್ಕಳಿಗೆಂದೇ ಇದ್ದ ಶಾಲೆಯಲ್ಲಿ ಓದಿ, ಅವಳು ನರ್ಸಿಂಗ್ ಮುಗಿಸಿದ್ದಳು, ಅವನು ಡಿಪ್ಲೊಮಾ ಮಾಡಿದ್ದ. ಇಲ್ಲಿನ ಆಸ್ಪತ್ರೆಗಳು ನರ್ಸುಗಳನ್ನು ಕರೆಯುತ್ತಿದ್ದ ಕಾಲದಲ್ಲಿ ಅವಳ ಕೆಲಸದ ಬೆನ್ನಿಗೆ ಇಡೀ ಸಂಸಾರ ವಾರಿಂಗ್ಟನ್ನಿಗೆ ಬಂದಿತ್ತು. ಬರ್ಚ್‌ವುಡ್ಡಿನ ಎಂಜಿನಿಯರಿಂಗ್ ಆಫೀಸಿನಲ್ಲಿ ತಿಮ್ಮಯ್ಯನಿಗೆ ನಕ್ಷೆ ಬರೆಯುವ ಕೆಲಸ ಕೊಡಿಸಿದವರು ಸೀತಾಲಕ್ಷ್ಮಿಯ ಗಂಡ ಇಂದುಶೇಖರ. ಈಗ ಅವರೇ ಅವನ ಮ್ಯಾನೇಜರ್. ವರ್ಷಕ್ಕೊಮ್ಮೆ, ಜುಲೈನಲ್ಲಿ, ಕಾಂಟ್ರಾಕ್ಟ್ ಮುಂದುವರಿಸುವವರೂ ಅವರೇ.

ಹುಡುಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇರಲೆಂದು ತಿಮ್ಮಯ್ಯನ ತಾಯಿ ಮಾದಮ್ಮನನ್ನು ಆರು ತಿಂಗಳ ವೀಸಾದಲ್ಲಿ ಕರೆಸಿದರು. ಮಾರ್ಚಿನ ಕೊನೆಯಲ್ಲಿ ಬಂದಳು ಮುದುಕಿ. ಕೇತಮ್ಮನ ಹಳೆಯ ಕಾರ್ಡಿಗನ್ನಿನ ಮೇಲೆ ಸೀರೆಯ ಸೆರಗು ಸುತ್ತಿಕೊಂಡು, ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಮನೆಯೆಲ್ಲ ಓಡಾಡಿದಳು.

ಒಂದು ವಾರ ಕಳೆಯುವಷ್ಟರಲ್ಲಿ ಮೊದಲ ಜಗಳ ಆಯಿತು. ಹಿತ್ತಿಲ ಬೇಲಿಯಾಚೆ ಕಾಲುದಾರಿಯ ಪಕ್ಕದಲ್ಲಿ ಬೆಳೆದಿದ್ದ ಸೊಪ್ಪನ್ನು ಮಾದಮ್ಮ ಮಡಿಲು ತುಂಬ ಕಿತ್ತು ತಂದಿದ್ದಳು. ತಿಮ್ಮಯ್ಯ ಕೆಲಸದಿಂದ ಬಂದವನು ಸಿಂಕಿನಲ್ಲಿ ನೆನೆಹಾಕಿದ್ದನ್ನು ನೋಡಿದ.

“ಇದೇನವ್ವಾ? ಎಲ್ಲಿ ಕಿತ್ಕಂಡು ಬಂದೆ?”

“ಅಲ್ಲೇ ಬೇಲಿ ತಾವ. ಸಾರ್ಗ ಚಂದಾಗದ ಕನ.”

“ನಾಯಿ ಉಚ್ಚೆ ಹುಯ್ಯೋ ಜಾಗ ಅದು! ಅಕ್ಕಪಕ್ಕದವ್ರು ನೋಡುದ್ರೆ ಏನಂದ್ಕೊತಾರೆ?”

“ಸೊಪ್ಪು ಕಿತ್ತಳು ಅಂದ್ಕತಾರ. ಇನ್ನೇನಂದ್ಕಂಡಾರು?”

ಅವನು ಸೊಪ್ಪನ್ನು ಬಾಚಿ ಕಸದ ಬಿನ್ನಿಗೆ ಹಾಕಿದ. ಅಂದು ಬರ್ಗರ್ ಬನ್ನಿನ ಜೊತೆ ಬೇಯಿಸಿದ ಬಟಾಣಿ ತಿಂದರು. ಮಾದಮ್ಮ ಬಟಾಣಿಯನ್ನು ಒಂದೊಂದಾಗಿ ತಿಂದು ಮುಗಿಸಿ, “ಉಪ್ಪಿಲ್ಲ” ಎಂದಷ್ಟೇ ಅಂದಳು. ಶನಿವಾರ ಕನ್ನಡ ಸಂಘದವರು ಯಾರಾದರೂ ಬಂದರೆ ಮಹಡಿಯಲ್ಲೇ ಇರಬೇಕೆಂದು ತಾಯಿಗೆ ಹೇಳುವ ಕೆಲಸವನ್ನು ತಿಮ್ಮಯ್ಯ ಹೆಂಡತಿಗೆ ವಹಿಸಿದ. ಮಾತು ಆಡಿದರೆ ಗೊತ್ತಾಗಿಬಿಡುತ್ತದೆ ಎಂಬುದು ಅವನ ಭಯ. ಕೇತಮ್ಮ ಅತ್ತೆಗೆ, “ಮೆಟ್ಟಿಲು ಹತ್ತಿ ಇಳಿದು ನಿಮಗೂ ಸುಸ್ತಾಯ್ತದೆ” ಎಂದು ಸುತ್ತಿ ಬಳಸಿ ಹೇಳಿದಳು. ಮಾದಮ್ಮನಿಗೆ ಅರ್ಥವಾಗದ್ದೇನಲ್ಲ.

ಏಪ್ರಿಲ್‌ನಲ್ಲಿ ಶಾಲೆ ಮತ್ತೆ ಶುರುವಾದಾಗ ಅಲ್ಲಿಗೆ ಹೊಸ ಟೀಚರ್ ಒಬ್ಬಳು ಬಂದಿದ್ದಳು. ಮಿಸ್ ಡಾಸನ್, ಆಸ್ಟ್ರೇಲಿಯಾದವಳು, ಕೆಲಸದ ವೀಸಾದ ಮೇಲೆ ಬಂದಿದ್ದ ತಾತ್ಕಾಲಿಕ ಟೀಚರ್. ಶಾಲೆ ತಪ್ಪಿಸುವ ಹನ್ನೆರಡು ಮಕ್ಕಳನ್ನು ಆರಿಸಿ, ವಾರಕ್ಕೆ ಮೂರು ದಿನ ಜಿಮ್ಮಿನಲ್ಲಿ ಡ್ಯಾನ್ಸ್ ಇಟ್ಟಳು. ಒಂದೇ ಷರತ್ತು: ಡ್ಯಾನ್ಸಿಗೆ ಬರಬೇಕಾದರೆ ಅಂದಿನ ಉಳಿದೆಲ್ಲ ಪಾಠಕ್ಕೂ ಬಂದಿರಬೇಕು. ಅನ್ವಿತಾ ಮೊದಲು ವಾರಕ್ಕೆ ಮೂರು ದಿನ ಹೋದಳು. ಮೇ ತಿಂಗಳ ಹೊತ್ತಿಗೆ ಐದೂ ದಿನ ಹೋಗತೊಡಗಿದಳು. ಶ್ಯಾನನ್ ಎಂಬ ಹುಡುಗಿಯ ಹೆಸರು ಮನೆಯಲ್ಲಿ ಕೇಳಿಬರತೊಡಗಿತು. ಟಿಫಿನ್ ಡಬ್ಬಿ ಖಾಲಿಯಾಗಿ ಬರುತ್ತಿತ್ತು. “ಇನ್ನೊಂದು ಚಪಾತಿ ಹಾಕು, ಶ್ಯಾನನ್‌ಗೂ ಬೇಕಂತೆ” ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳಿದ ಬೆಳಿಗ್ಗೆ ಕೇತಮ್ಮ ಒಂದರ ಬದಲು ಎರಡು ಚಪಾತಿ ಹೆಚ್ಚಾಗಿ ಬೇಯಿಸಿದಳು.

ಪೇರೆಂಟ್ಸ್ ಈವನಿಂಗಿಗೆ ಕೇತಮ್ಮ ಒಬ್ಬಳೇ ಹೋದಳು. ಮಿಸ್ ಡಾಸನ್ ಕಂದು ಬಣ್ಣದ, ದಪ್ಪ ಹುಬ್ಬಿನ ಹೆಂಗಸು, ಮಾತು ನಿಧಾನ. ತಾನು ಆಸ್ಟ್ರೇಲಿಯಾದ ಮೂಲನಿವಾಸಿಗಳ ಪೈಕಿ, ಒಳನಾಡಿನ ಸಣ್ಣ ಊರೊಂದರವಳು ಎಂದಳು. “ನಮ್ಮೂರ ಶಾಲೆಯಲ್ಲೂ ಮಕ್ಕಳು ಹೀಗೇ ತಪ್ಪಿಸಿಕೊಳ್ಳುತ್ತಿದ್ದರು. ನಾನೂ ತಪ್ಪಿಸಿಕೊಳ್ಳುತ್ತಿದ್ದೆ. ಅಲ್ಲಿಗೊಂದು ಡ್ಯಾನ್ಸ್ ಕ್ಲಾಸ್ ಬಂತು, ನಮ್ಮ ಹಿರಿಯರನ್ನೇ ಕರೆಸಿ ಕುಣಿಸಿದರು. ಅಲ್ಲಿಂದ ನನಗೆ ಓದೂ ಹತ್ತಿತು. ನಿಮ್ಮ ಮಗಳನ್ನು ನೋಡಿದ ಮೊದಲ ದಿನವೇ ಕೇಳಿದೆ, ನಿನ್ನ ಜನ ಯಾರು ಅಂತ. ಮೂರು ವಾರ ಹೇಳಲಿಲ್ಲ. ಆಮೇಲೆ ಹೇಳಿದಳು.”

“ಏನು ಹೇಳಿದಳು?” ಎಂದಳು ಕೇತಮ್ಮ.

“ಸೋಲಿಗ ಅಂತ. ನಾನು ಸರಿಯಾಗಿ ಹೇಳುತ್ತಿದ್ದೇನಾ?”

ಕೇತಮ್ಮ ತಲೆಯಾಡಿಸಿದಳು. ಐದು ವರ್ಷದಲ್ಲಿ ಆ ಮಾತನ್ನು ಹೊರಗಿನವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಮನೆಗೆ ಬಂದಾಗ ಅಡುಗೆಮನೆಯ ಮೇಜು ಗೋಡೆಗೆ ಸರಿದಿತ್ತು. ಮಾದಮ್ಮ ಸೊಂಟ ಬಗ್ಗಿಸಿ, ಕೈ ಇಳಿಬಿಟ್ಟು, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಹಾಕುತ್ತಿದ್ದಳು. ಹಿಂದೆ ಮೊಮ್ಮಗಳು.

“ಬಗ್ಗು ಕೂಸೇ, ಇನ್ನೂ ಬಗ್ಗು. ನೆಲ ನೋಡು. ನೆಲ ನೋಡ್ದೆ ಕುಣುದ್ರ ಅದ್ಯಾವ ಕುಣ್ತ?”

“ಮೈ ಬ್ಯಾಕ್ ಹರ್ಟ್ಸ್, ಅಜ್ಜಿ.”

“ಏನಂದಳು?”

“ಬೆನ್ನು ನೋಯ್ತದಂತೆ” ಎಂದಳು ಕೇತಮ್ಮ ಬಾಗಿಲಲ್ಲೇ ನಿಂತು.

“ನೋಯ್ಲಿ. ರೊಟ್ಟಿ ಹಬ್ಬದಲ್ಲಿ ನಿಮ್ಮವ್ವ ಬೆಳಗಾಗೋಗಂಟ ಕುಣ್ದಿದ್ಲು. ಕೇಳವ್ವ ಅವಳ್ನೇ.”

ಹುಡುಗಿ ತಾಯಿಯತ್ತ ತಿರುಗಿ ನೋಡಿದಳು. ನಂಬಲಾರದ ನೋಟ ಅದು. ಕೇತಮ್ಮ ಬ್ಯಾಗು ಕೆಳಗಿಟ್ಟು, ಬೂಟು ಕಳಚಿ, ಅವರಿಬ್ಬರ ಹಿಂದೆ ಸೇರಿಕೊಂಡಳು. ಕಾಲಿಗೆ ಎಲ್ಲ ನೆನಪಿತ್ತು. ತಿಮ್ಮಯ್ಯ ಗೇಟು ತೆಗೆದ ಸದ್ದು ಕೇಳಿದಾಗ ಮೂವರೂ ಒಟ್ಟಿಗೇ ನಿಂತರು. ಕೇತಮ್ಮ ತಾನೇ ಮೇಜನ್ನು ಎಳೆದು ಮೊದಲಿದ್ದ ಜಾಗಕ್ಕೆ ಇಟ್ಟಳು.

ಆ ಕುಣಿತವನ್ನು ಅನ್ವಿತಾ ಶಾಲೆಯಲ್ಲಿ ಹನ್ನೊಂದು ಮಕ್ಕಳಿಗೆ ಕಲಿಸಿದಳು. ಜೂನ್ ಕೊನೆಯ ಶನಿವಾರ ಮ್ಯಾಂಚೆಸ್ಟರಿನ ಒಂದು ಸಭಾಂಗಣದಲ್ಲಿ ಹತ್ತಾರು ಶಾಲೆಗಳ ಮಕ್ಕಳ ಜೊತೆ ಇವರೂ ಕುಣಿಯುವುದೆಂದು ನಿಶ್ಚಯವಾಯಿತು. ಎಲ್ಲವೂ ಸುಸೂತ್ರ ನಡೆಯುತ್ತಿದ್ದ ಹಾಗಿತ್ತು.

ಜೂನ್ ಎರಡನೆಯ ವಾರ ತಿಮ್ಮಯ್ಯ ಮಾಮೂಲಿಗಿಂತ ಬೇಗ ಮನೆಗೆ ಬಂದ. ಎಲ್ಲರೂ ಊಟಕ್ಕೆ ಕೂತಿದ್ದರು. ಬರ್ಮಿಂಗ್ಹ್ಯಾಮಿನಿಂದ ತಂದ ರಾಗಿ ಹಿಟ್ಟಿನಲ್ಲಿ ಮಾದಮ್ಮ ಮುದ್ದೆ ಕಟ್ಟಿದ್ದಳು. ಅವನು ಮಡಚಿದ ಕಾಗದವೊಂದನ್ನು ಸಾರಿನ ಪಾತ್ರೆಯ ಪಕ್ಕ ಇಟ್ಟ. ಕಾರ್ಯಕ್ರಮದ ಕರಪತ್ರ.

“ಇಂದುಶೇಖರ್ ಸಾರ್ ಕೊಟ್ರು. ಅವರ ಮಗಳು ಅಪೂರ್ವಾ ಇದರಲ್ಲಿ ಭರತನಾಟ್ಯ ಮಾಡ್ತಾಳಂತೆ. ‘ನಿಮ್ಮ ಮಗಳ ಹೆಸರೂ ಇದೆಯಲ್ರೀ ತಿಮ್ಮಯ್ಯ’ ಅಂದ್ರು. ಓದು ಕೇತಮ್ಮ, ಗಟ್ಟಿಯಾಗಿ ಓದು.”

ಅವಳು ಓದಲಿಲ್ಲ. ಕಣ್ಣಾಡಿಸಿದಳು. ದಕ್ಷಿಣ ಭಾರತದ ಕಾಡಿನ ಮೂಲನಿವಾಸಿಗಳಾದ ಸೋಲಿಗರ ಕುಣಿತ, ಕಲಿಸಿದವರು ಅನ್ವಿತಾ ತಿಮ್ಮಯ್ಯ ಮತ್ತು ಅವಳ ಅಜ್ಜಿ ಎಂದಿತ್ತು.

“ಯಾರು ಬರೆಸಿದ್ದು ಇದನ್ನ?”

“ಐ ಡಿಡ್,” ಎಂದಳು ಅನ್ವಿತಾ.

“ನಿನಗ್ಯಾರು ಹೇಳಿದ್ದು?”

“ನೋಬಡಿ. ಇಟ್ಸ್ ಟ್ರೂ, ಈಸಂಟ್ ಇಟ್?”

“ಟ್ರೂ ಅಂತೆ! ಟ್ರೂ ಇಟ್ಕೊಂಡು ಬದುಕಿ ನೋಡು ಗೊತ್ತಾಯ್ತದೆ. ಹಾಸ್ಟೆಲಲ್ಲಿ ನನ್ನ ತಟ್ಟೆ ಬೇರೆ ಇಡ್ತಿದ್ರು. ಕಾಡು ಮನುಷ್ಯ ಬಂದ, ಜೇನು ತಂದಿದ್ದೀಯೇನೋ ಅಂತ ಕೇಳ್ತಿದ್ರು. ಡಿಪ್ಲೊಮಾ ಮುಗಿಸೋವರೆಗೂ ಕೇಳಿದ್ರು! ಸಮುದ್ರ ದಾಟಿ ಬಂದ ಮೇಲೂ ಅದೇ ಆಗ್ಬೇಕಾ?”

“ನೀನು ಜೇನು ಕಿತ್ತಿದ್ದು ದಿಟ ತಾನೆ ಮಗ?” ಎಂದಳು ಮಾದಮ್ಮ. “ಚಂದಾಗಿ ಕೀಳ್ತಿದ್ದೆ.”

“ನೀನು ಸುಮ್ಗಿರವ್ವಾ! ಮನೆ ಕಾಯಿ ಅಂತ ಕರೆಸುದ್ರೆ ಮನೆ ಮುರಿಯೋ ಕೆಲಸ ಮಾಡಿದ್ದೀಯೆ.”

ಮಾದಮ್ಮ ಮುರಿದ ಮುದ್ದೆಯ ತುತ್ತನ್ನು ತಟ್ಟೆಗೇ ಹಾಕಿ ಕೈ ತೊಳೆಯಲು ಎದ್ದಳು. ಅನ್ವಿತಾ ಒಮ್ಮೆಲೇ ಜೋರಾಗಿ ಅಳುತ್ತ ಮೆಟ್ಟಿಲು ಹತ್ತಿದಳು. ತಿಮ್ಮಯ್ಯ ಮಾತ್ರ ಊಟ ಮುಗಿಸಿದ, ಹಟಕ್ಕೆ ಬಿದ್ದವನ ಹಾಗೆ.

ಕಾರ್ಯಕ್ರಮಕ್ಕೆ ಶಾಲೆಯ ಬಸ್ಸಿನಲ್ಲಿ ಹೋಗುವ ಒಪ್ಪಿಗೆ ಪತ್ರಕ್ಕೆ ತಂದೆ ಅಥವಾ ತಾಯಿಯ ಸಹಿ ಬೇಕಿತ್ತು. ತಿಮ್ಮಯ್ಯ ಹಾಕುವುದಿಲ್ಲವೆಂದ. ಕೊಡುವ ಕೊನೆಯ ದಿನದ ಬೆಳಿಗ್ಗೆ ಅನ್ವಿತಾ ಪತ್ರವನ್ನೂ ಪೆನ್ನನ್ನೂ ತಾಯಿಯ ಟಿಫಿನ್ ಡಬ್ಬಿಯ ಪಕ್ಕ ತಂದಿಟ್ಟಳು.

“ಓನ್ಲಿ ಒನ್ ಪೇರೆಂಟ್, ಮಮ್. ಪ್ಲೀಸ್.”

ಕೇತಮ್ಮ ಪೆನ್ನಿನ ಮುಚ್ಚಳ ತೆಗೆದಳು. ಶೇವ್ ಮಾಡಿಕೊಳ್ಳುತ್ತಿದ್ದ ತಿಮ್ಮಯ್ಯ ಅರ್ಧ ಮುಖದ ಸೋಪಿನಲ್ಲೇ ಬಂದು ಬಾಗಿಲಲ್ಲಿ ನಿಂತ. ಕೂಗಾಡಲಿಲ್ಲ.

“ಹಾಕೋದಾದ್ರೆ ಹಾಕು. ಸೋಮವಾರ ಇಂದುಶೇಖರ್ ಸಾರ್ ಮುಖ ನೋಡೋನು ನಾನು. ಜುಲೈನಲ್ಲಿ ಅವರು ಬೇಡ ಅಂದ್ರೆ ಮನೇಲಿ ಕೂರೋನೂ ನಾನೇ. ನಿನಗೆ ಆಸ್ಪತ್ರೆ ಇದೆ, ನನಗೇನಿದೆ?”

“ಆವತ್ತು ಸುಮ್ಮನೆ ನಗದೆ ಹೇಳಿಬಿಟ್ಟಿದ್ರೆ ಇದೆಲ್ಲ ಇರ್ತಿತ್ತಾ?”

“ನೀನೂ ಪಕ್ಕದಲ್ಲೇ ಕೂತಿದ್ದೆ. ನೀನು ಹೇಳಿದ್ಯಾ?”

ಬಸ್ಸಿಗೆ ಹೊತ್ತಾಗಿತ್ತು. ಕೇತಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. “ಮುಂದಿನ ವರ್ಷ ಹೋಗುವೆಯಂತೆ ಕೂಸೇ” ಎಂದಳು. ಮಗಳು ಪತ್ರವನ್ನು ಎತ್ತಿಕೊಂಡು ನಾಲ್ಕಾಗಿ ಮಡಚಿ ಬ್ಲೇಜರಿನ ಜೇಬಿಗೆ ಹಾಕಿಕೊಂಡಳು. ಅಳಲಿಲ್ಲ. ಅದು ಕೇತಮ್ಮನಿಗೆ ಹೆಚ್ಚು ಹೆದರಿಕೆ ತಂದಿತು. ಅಂದು ವಾರ್ಡಿನಲ್ಲಿ ಒಬ್ಬ ರೋಗಿಗೆ ಎರಡು ಸಲ ಟೆಂಪರೇಚರ್ ನೋಡಿ, ಎರಡು ಸಲವೂ ಬರೆಯಲು ಮರೆತಳು.

ಮಿಸ್ ಡಾಸನ್ ಫೋನು ಮಾಡಿದಳು. ತಿಮ್ಮಯ್ಯನೇ ಎತ್ತಿ, ಮನೆಯಲ್ಲಿ ಬೇರೆ ಸಮಾರಂಭವಿದೆ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಳಿದ.

ಆ ಶನಿವಾರ ಮನೆಯಲ್ಲಿ ಯಾವ ಸಮಾರಂಭವೂ ಇರಲಿಲ್ಲ. ಕೇತಮ್ಮ ಬಟ್ಟೆ ಒಗೆದು ಹಿತ್ತಿಲಲ್ಲಿ ಹರವಿದಳು. ತಿಮ್ಮಯ್ಯ ಕಾರು ತೊಳೆದ. ಮಾದಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅನ್ವಿತಾಳ ಕೋಣೆಯ ಬಾಗಿಲು ಇಡೀ ದಿನ ಮುಚ್ಚಿತ್ತು. ಸಂಜೆ ಐದರ ಹೊತ್ತಿಗೆ ಫೋನ್ ಬಂತು. ಶ್ಯಾನನ್.

“ಅನ್ವಿತಾ ಮಲಗಿದ್ದಾಳೆ” ಎಂದಳು ಕೇತಮ್ಮ.

ಹಾಗಾದರೆ ನೀವೇ ಹೇಳಿಬಿಡಿ ಎಂದು ಆ ಹುಡುಗಿ ಒಂದೇ ಉಸಿರಿಗೆ ಶುರುಮಾಡಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಮಧ್ಯದಲ್ಲಿ ಸುತ್ತು ತಿರುಗುವ ಕಡೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲವಂತೆ, ಅನ್ವಿತಾ ಮುಂದೆ ಇರುತ್ತಿದ್ದಳಲ್ಲ, ಹಾಗಾಗಿ ಸುಮ್ಮನೆ ಸುತ್ತಿದರಂತೆ. ಅಜ್ಜಿಗೆ ಥ್ಯಾಂಕ್ಸ್ ಹೇಳಬೇಕಂತೆ. ಕೇತಮ್ಮ ಫೋನಿಟ್ಟು ತಿರುಗಿದಾಗ ಮಗಳು ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. ಶ್ಯಾನನ್‌ಳ ದೊಡ್ಡ ದನಿ ಅಲ್ಲಿಗೂ ಕೇಳಿಸಿದಂತಿತ್ತು. ಮತ್ತೆ ಒಳಗೆ ಹೋದಳು.

ಸೋಮವಾರ ಅವಳು ಶಾಲೆಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಈ ಸಲ ಯೂನಿಫಾರಂ ಹಾಕಿಕೊಂಡು ಸ್ಟೇಷನ್ನಿಗೆ ಹೋಗುವ ನಾಟಕವನ್ನೂ ಬಿಟ್ಟಳು.

ಮಾದಮ್ಮ ಸೆಪ್ಟೆಂಬರಿನ ಟಿಕೆಟ್ಟನ್ನು ಬದಲಿ ಮಾಡಿಸಿ ಜುಲೈ ಮೊದಲ ವಾರವೇ ಹೊರಟಳು. ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಏರ್‌ಪೋರ್ಟಿಗೆ ಹೋಗುವ ಮುಂಚೆ ಅಡುಗೆಮನೆಯಲ್ಲಿ ನಿಂತು ಅವನಿಗೆ ಹೇಳಿದಳು:

“ನೀನು ನಂಗ ನಾಚ್ಕತೀಯೆ ಅಂತ ನಂಗ ಮೊದ್ಲೇ ಗೊತ್ತಿತ್ತು ಕನ ಮಗ. ಅದ ನುಂಗ್ಕಂಡಿದ್ದೆ. ಈ ಕೂಸ್ಗೂ ನಾಚ್ಕ ಕಲುಸ್ಬುಟ್ಟಲ್ಲಾ.”

ತಿಮ್ಮಯ್ಯ ಪೆಟ್ಟಿಗೆ ಎತ್ತಿಕೊಂಡು ಕಾರಿನತ್ತ ಹೋದ. ಅನ್ವಿತಾ ಅಜ್ಜಿಯ ಕಾರ್ಡಿಗನ್ನಿನ ತೋಳನ್ನು ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.

ಅವನ ಕಾಂಟ್ರಾಕ್ಟ್ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಅಂದು ಸ್ವೀಟ್ ಬಾಕ್ಸ್ ತಂದ. ಅದು ಫ್ರಿಜ್ಜಿನಲ್ಲೇ ಒಣಗಿತು.

ಸೆಪ್ಟೆಂಬರಿನಲ್ಲಿ ಕೌನ್ಸಿಲಿನ ಹೆಂಗಸು ಎರಡು ಸಲ ಬಂದು ಹೋದಳು. ದೇವರಿಗಾದರೂ ಹೇಳಿಕೊಳ್ಳೋಣವೆಂದು ಒಂದು ಭಾನುವಾರ ಕೇತಮ್ಮ ಗಂಡನನ್ನು ಹೊರಡಿಸಿ ಬರ್ಮಿಂಗ್ಹ್ಯಾಮ್ ಬಳಿಯ ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಹೋದಳು. ಮಗಳು ಬರಲಿಲ್ಲ. ತಿಮ್ಮಯ್ಯ ಕಾರು ನಿಲ್ಲಿಸಲು ಹೋಗಿದ್ದಾಗ ಊಟದ ಸಾಲಿನಲ್ಲಿ ಸೀತಾಲಕ್ಷ್ಮಿ ಸಿಕ್ಕರು.

“ಏನ್ರೀ ಕೇತಕಿ, ಅವತ್ತು ಮಗಳನ್ನ ಕಳಿಸಲೇ ಇಲ್ಲ? ಅಪೂರ್ವಾ ತುಂಬಾ ಹುಡುಕಿದ್ಲು. ಆ ಬಿಳಿ ಮಕ್ಕಳು ಪಾಪ ಏನೋ ಮಾಡಿದ್ರು. ನಿಮ್ಮ ಮಗಳಿದ್ದಿದ್ರೆ ಅದರ ಕಥೆನೇ ಬೇರೆ ಇರ್ತಿತ್ತು.”

ಕೇತಮ್ಮ ಧೈರ್ಯ ಮಾಡಿದಳು. “ಕರಪತ್ರದಲ್ಲಿ ಹಾಗೆ ಬರೆದಿದ್ರಲ್ಲ ಮೇಡಂ, ಅದಕ್ಕೇ ನಮ್ಮನೆಯವರು...”

“ಅಯ್ಯೋ, ಅದಕ್ಕಾ?” ಸೀತಾಲಕ್ಷ್ಮಿ ಅವಳ ತೋಳು ಮುಟ್ಟಿದರು. “ನಮಗೆ ಮೊದಲನೇ ವರ್ಷವೇ ಗೊತ್ತಾಗಿತ್ತಮ್ಮ. ಕೊಡಗಿನವರು ಅಂದ್ರೆ ಅವರ ಮನೆತನದ ಹೆಸರು ಇರುತ್ತೆ, ನಿಮಗೆ ಅದೇ ಇಲ್ವಲ್ಲ. ಆಮೇಲೆ ನಿಮ್ಮ ಕಡೆಯವರನ್ನೇ ನಮ್ಮನೆಯವರು ವಿಚಾರಿಸಿದ್ರು. ಎಲ್ಲರಿಗೂ ಗೊತ್ತು. ನೀವಾಗಿ ಹೇಳಲಿಲ್ಲ, ನಾವಾಗಿ ಕೇಳಲಿಲ್ಲ, ಅಷ್ಟೆ.” ಆಮೇಲೆ ಸಾಲು ಮುಂದೆ ಸರಿಯಿತು. ಅವರು ತಮ್ಮ ಪರಿಚಯದವರ ಪಂಕ್ತಿಯಲ್ಲಿ ಕೂತರು. ಪಕ್ಕದ ಜಾಗ ಖಾಲಿಯಿದ್ದರೂ ಇವಳನ್ನು ಕರೆಯಲಿಲ್ಲ. ಹಿಂದೆಯೂ ಎಂದೂ ಕರೆದಿರಲಿಲ್ಲವೆಂಬುದು ಕೇತಮ್ಮನ ಲಕ್ಷ್ಯಕ್ಕೆ ಈಗ ಬಂತು.

ಮನೆಗೆ ಬಂದು, ಅನ್ನಕ್ಕಿಟ್ಟು, ತಟ್ಟೆ ಹಾಕಿ, ತಿಮ್ಮಯ್ಯ ಮೊದಲ ತುತ್ತು ಎತ್ತುವಾಗ ಹೇಳಿದಳು.

“ಅವರಿಗೆ ಗೊತ್ತಿತ್ತಂತೆ.”

“ಯಾರಿಗೆ? ಏನು?”

“ನಾವು ಯಾರು ಅಂತ. ಮೊದಲನೇ ವರ್ಷದಿಂದ.”

ತಿಮ್ಮಯ್ಯನ ಕೈ ನಿಂತಿತು. “ಇಂದುಶೇಖರ್ ಸಾರ್‌ಗೂ?”

“ಅವರೇ ವಿಚಾರಿಸಿದ್ದಂತೆ. ಎಲ್ಲರಿಗೂ ಗೊತ್ತು.”

ಅವನು ತಟ್ಟೆಯನ್ನೇ ನೋಡುತ್ತ ಕೂತ. ಐದು ವರ್ಷದ ಊಟಗಳು, ನಗುಗಳು, ‘ಬನ್ನಿ ತಿಮ್ಮಯ್ಯ’ ಎಂಬ ಕರೆಗಳು ಅವನ ಕಣ್ಣ ಮುಂದೆ ಹಾದುಹೋದವೇನೋ. ಕೊನೆಗೆ ಎದ್ದು, ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿದ. ಕೇತಮ್ಮ ಹಿಂದೆಯೇ ಹೋಗಿ ಮೆಟ್ಟಿಲ ನಡುವಿನಲ್ಲಿ ನಿಂತಳು. ಅವನು ಮಗಳ ಬಾಗಿಲನ್ನು ಮೊಣಕೈಯಿಂದ ತಟ್ಟಿದ.

“ಕೂಸೇ. ಡ್ಯಾನ್ಸಿಗೆ ಸೇರ್ಕೊ. ಅಜ್ಜಿ ಕಲಿಸಿದ್ದನ್ನೇ ಮಾಡು. ನಾನೇ ಸೈನ್ ಹಾಕ್ತೀನಿ, ನಾನೇ ಕಾರಲ್ಲಿ ಬಿಡ್ತೀನಿ. ಕೇಳುಸ್ತಾ?”

ಒಳಗೆ ಮಂಚ ಕಿರುಗುಟ್ಟಿತು. ಬಂದ ಉತ್ತರ ಇಂಗ್ಲಿಷಿನಲ್ಲಿರಲಿಲ್ಲ.

“ಮಿಸ್ ಊರ್ಗ ವೋದ್ರು, ವೀಸಾ ಮುಗೀತು. ಕ್ಲಾಸೂ ಇಲ್ಲ. ಮುಗ್ದೋಯ್ತು ಕನಪ್ಪ.”

ಮಾದಮ್ಮನ ಮಾತಿನ ಎಳೆತ ಹಾಗೆಹಾಗೇ ಅದರಲ್ಲಿತ್ತು. ತಿಮ್ಮಯ್ಯ ಬಾಗಿಲ ಮುಂದೆ ನಿಂತೇ ಇದ್ದ, ಅನ್ನದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ.